ಆರನೆಯ ಗುಂಪು: ಅಳಿಸಿ ನೋಡಿದ ಗೋಲುಗಳು

1993ರ ನವೆಂಬರ್ 17ರ ರಾತ್ರಿ ಪ್ಯಾರಿಸ್ಸಿನ ಪಾರ್ಕ್ ದೆ ಪ್ರಿನ್ಸ್ ಕ್ರೀಡಾಂಗಣದಲ್ಲಿ ಫ್ರಾನ್ಸ್ ತಂಡ ಬಲ್ಗೇರಿಯಾಕ್ಕೆ 1-2ರಿಂದ ಸೋತು 1994ರ ಫುಟ್‌ಬಾಲ್ ವಿಶ್ವಕಪ್‌ನಿಂದ ಹೊರಬಿದ್ದ ಕಥೆಯನ್ನು ಹೇಳುವವರು ಯಾವಾಗಲೂ ಕೊನೆಯ ಅರ್ಧ ನಿಮಿಷದಿಂದಲೇ ಆರಂಭಿಸುತ್ತಾರೆ. ಮೂಲೆಯ ಬಾವುಟದ ಬಳಿ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕಾಲ ಕಳೆಯಬೇಕಿದ್ದ ದಾವಿದ್ ಜಿನೋಲಾ ಅದನ್ನು ಗೋಲಿನ ಕಡೆಗೆ ಎತ್ತಿ ಹೊಡೆದರು, ಚೆಂಡು ಎಲ್ಲರನ್ನೂ ದಾಟಿ ಬಲ್ಗೇರಿಯಾದವರ ಪಾಲಾಯಿತು, ಕೆಲವೇ ಕ್ಷಣಗಳಲ್ಲಿ ಎಮಿಲ್ ಕೊಸ್ತಾದಿನೊವ್ ಗೋಲು ಹೊಡೆದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹತ್ತು ಪಂದ್ಯಗಳ, ಹದಿನಾಲ್ಕು ತಿಂಗಳ ಒಂದು ಹೋರಾಟದ ಸೋಲನ್ನು ಒಬ್ಬ ಆಟಗಾರನ ಒಂದು ಒದೆತದ ಮೇಲೆ ಹೊರಿಸುವುದು ಸರಿಯಲ್ಲವೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಾ ಬಂದಿದೆ. ಹಾಗೆ ಬರೀ ಅನ್ನಿಸಿದರೆ ಸಾಲದು, ಲೆಕ್ಕ ಹಾಕಿ ನೋಡಬೇಕು ಎಂದುಕೊಂಡು ಫ್ರಾನ್ಸ್ ಇದ್ದ ಅರ್ಹತಾ ಗುಂಪಿನ ಮೂವತ್ತೂ ಪಂದ್ಯಗಳ ಫಲಿತಾಂಶಗಳನ್ನು ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಅಂಕಪಟ್ಟಿಯನ್ನು ಪಂದ್ಯದಿಂದ ಪಂದ್ಯಕ್ಕೆ ಕಟ್ಟುತ್ತಾ ಹೋದೆ. ಕೊನೆಗೆ ಒಂದೊಂದೇ ಗೋಲನ್ನು ರಬ್ಬರಿನಿಂದ ಅಳಿಸಿ, ಅದು ಬೀಳದೇ ಹೋಗಿದ್ದರೆ ಪಟ್ಟಿ ಹೇಗಿರುತ್ತಿತ್ತು ಎಂದು ನೋಡಿದೆ. ಆ ಹಾಳೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1994ರ ಅಮೆರಿಕದ ವಿಶ್ವಕಪ್‌ಗೆ ಯುರೋಪಿನಿಂದ ಹದಿಮೂರು ತಂಡಗಳಿಗೆ ಅವಕಾಶವಿತ್ತು. ಹಿಂದಿನ ಬಾರಿಯ ವಿಜೇತ ಜರ್ಮನಿಗೆ ನೇರ ಪ್ರವೇಶವಿದ್ದುದರಿಂದ ಉಳಿದ ಹನ್ನೆರಡು ಸ್ಥಾನಗಳು ಆರು ಅರ್ಹತಾ ಗುಂಪುಗಳಿಗೆ ತಲಾ ಎರಡರಂತೆ ಹಂಚಿಕೆಯಾಗಿದ್ದವು. ಆರನೆಯ ಗುಂಪಿನಲ್ಲಿ ಫ್ರಾನ್ಸ್, ಸ್ವೀಡನ್, ಬಲ್ಗೇರಿಯಾ, ಆಸ್ಟ್ರಿಯಾ, ಫಿನ್ಲೆಂಡ್ ಮತ್ತು ಇಸ್ರೇಲ್ ಇದ್ದವು. ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಅಂಕಗಳು ಸಮವಾದರೆ ಗೋಲು ಅಂತರ, ಅಂದರೆ ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ. ಮೂರನೆಯ ಸ್ಥಾನದವರಿಗೆ ಪ್ಲೇ-ಆಫ್ ಎಂಬ ಎರಡನೆಯ ಬಾಗಿಲು ಆಗ ಇರಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಆ ಕಾಲದ ಗುಂಪುಗಳ ಬಿಗಿ ಇಂದಿನವರಿಗೆ ಅರ್ಥವಾಗುವುದು ಕಷ್ಟ.

ಫ್ರಾನ್ಸ್ ಈ ಗುಂಪನ್ನು ಪ್ರವೇಶಿಸಿದ್ದು ವಿಚಿತ್ರವಾದ ಸ್ಥಿತಿಯಲ್ಲಿ. ಮಿಶೆಲ್ ಪ್ಲಾಟಿನಿಯವರ ತರಬೇತಿಯಲ್ಲಿ 1992ರ ಯುರೋ ಕಪ್‌ನ ಅರ್ಹತಾ ಸುತ್ತಿನ ಎಂಟಕ್ಕೆ ಎಂಟೂ ಪಂದ್ಯಗಳನ್ನು ಗೆದ್ದಿದ್ದ ತಂಡ, ಸ್ವೀಡನ್ನಿನಲ್ಲಿ ನಡೆದ ಮುಖ್ಯ ಪಂದ್ಯಾವಳಿಯಲ್ಲಿ ಒಂದೂ ಗೆಲುವಿಲ್ಲದೆ ಮನೆಗೆ ಮರಳಿತ್ತು. ಪ್ಲಾಟಿನಿ ಹುದ್ದೆ ಬಿಟ್ಟರು. ಅವರ ಸಹಾಯಕರಾಗಿದ್ದ ಜೆರಾರ್ ಹುಲಿಯೆ ಆ ಜಾಗಕ್ಕೆ ಬಂದರು. 1990ರ ವಿಶ್ವಕಪ್‌ಗೂ ಫ್ರಾನ್ಸ್ ಅರ್ಹತೆ ಪಡೆದಿರಲಿಲ್ಲವಾದ್ದರಿಂದ ಈ ಬಾರಿ ಹೋಗಲೇಬೇಕೆಂಬ ಒತ್ತಡ ಸಣ್ಣದಾಗಿರಲಿಲ್ಲ. ತಂಡದಲ್ಲಿ 1991ರ ಯುರೋಪಿನ ಶ್ರೇಷ್ಠ ಆಟಗಾರನ ಪ್ರಶಸ್ತಿ ಬ್ಯಾಲನ್ ಡಿ'ಓರ್ ಗೆದ್ದಿದ್ದ ಜಾಂ-ಪಿಯೆರ್ ಪಾಪಾಂ ಇದ್ದರು, ಎರಿಕ್ ಕಾಂಟೊನಾ ಇದ್ದರು, ಲೊರಾಂ ಬ್ಲಾಂ, ದಿದಿಯೆ ದೆಶಾಂ ಇದ್ದರು. ಗುಂಪಿನ ಉಳಿದ ಐದು ತಂಡಗಳಲ್ಲಿ ಯಾವುದಕ್ಕೂ ಇಷ್ಟು ಹೆಸರುಗಳಿರಲಿಲ್ಲ.

ಆದರೂ ಮೊದಲ ಪಂದ್ಯದಲ್ಲೇ, 1992ರ ಸೆಪ್ಟೆಂಬರ್ 9ರಂದು ಸೋಫಿಯಾದಲ್ಲಿ, ಬಲ್ಗೇರಿಯಾ 2-0ಯಿಂದ ಗೆದ್ದಿತು. ಹ್ರಿಸ್ತೊ ಸ್ಟೊಯ್ಚ್‌ಕೊವ್ ಒಂದು, ಕ್ರಾಸಿಮಿರ್ ಬಲಕೊವ್ ಒಂದು. ಈ ಬಲ್ಗೇರಿಯಾ ಹಳೆಯ ಬಲ್ಗೇರಿಯಾ ಆಗಿರಲಿಲ್ಲ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಆ ದೇಶದ ಒಳ್ಳೆಯ ಆಟಗಾರರು ತಮ್ಮ ಪ್ರಾಯದ ಕಾಲದಲ್ಲಿ ಹೊರದೇಶದ ಕ್ಲಬ್ಬುಗಳಿಗೆ ಹೋಗುವಂತಿರಲಿಲ್ಲ. 1989ರ ಸುಮಾರಿಗೆ ಆ ಬೇಲಿ ಬಿದ್ದ ಮೇಲೆ ಲ್ಯುಬೊಸ್ಲಾವ್ ಪೆನೆವ್ ವಲೆನ್ಸಿಯಾಕ್ಕೆ, ಸ್ಟೊಯ್ಚ್‌ಕೊವ್ ಬಾರ್ಸಿಲೋನಾಕ್ಕೆ, ಕೊಸ್ತಾದಿನೊವ್ ಪೋರ್ಟೊಗೆ, ಬಲಕೊವ್ ಸ್ಪೋರ್ಟಿಂಗ್‌ಗೆ, ಯೊರ್ದಾನ್ ಲೆಚ್ಕೊವ್ ಹ್ಯಾಂಬರ್ಗ್‌ಗೆ ಹೋದರು. ವಾರವಾರವೂ ದೊಡ್ಡ ಲೀಗುಗಳಲ್ಲಿ ಪಳಗಿದ ಒಂದು ಪೀಳಿಗೆ ಒಟ್ಟಿಗೇ ರಾಷ್ಟ್ರೀಯ ತಂಡಕ್ಕೆ ಮರಳಿ ಬಂದಾಗ ಏನಾಗುತ್ತದೆ ಎಂಬುದನ್ನು ಸೋಫಿಯಾದ ಆ ಪಂದ್ಯ ತೋರಿಸಿತು. ಫ್ರಾನ್ಸ್ ಅದನ್ನು ಒಂದು ದಿನದ ಎಡವಟ್ಟೆಂದು ತಿಳಿದಿರಬೇಕು.

ಸ್ವೀಡನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಟೀಕೆಯಲ್ಲ, ಹೊಗಳಿಕೆ. ಟಾಮಿ ಸ್ವೆನ್ಸನ್ ಅವರ ತಂಡ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಾ ಹೋಯಿತು. ಹತ್ತು ಪಂದ್ಯಗಳಲ್ಲಿ ಆರು ಗೆಲುವು, ಮೂರು ಡ್ರಾ, ಒಂದೇ ಸೋಲು. ಪಟ್ಟಿಯ ಕೆಳಗಿನ ಮೂರು ತಂಡಗಳಾದ ಆಸ್ಟ್ರಿಯಾ, ಫಿನ್ಲೆಂಡ್, ಇಸ್ರೇಲ್ ವಿರುದ್ಧ ಲಭ್ಯವಿದ್ದ ಹನ್ನೆರಡು ಅಂಕಗಳಲ್ಲಿ ಹನ್ನೊಂದನ್ನು ತೆಗೆದುಕೊಂಡ ತಂಡವನ್ನು ತಡೆಯುವುದು ಯಾರಿಂದಲೂ ಆಗದ ಮಾತು.

ಆಸ್ಟ್ರಿಯಾದ ಪಾಲಿಗೆ ಈ ಗುಂಪು ಅಂಕಗಳಿಗಿಂತ ಹೆಚ್ಚಾಗಿ ಒಂದು ಅಗಲಿಕೆಯ ನೆನಪು. ಅವರ ತರಬೇತುದಾರ ಎರ್ನ್‌ಸ್ಟ್ ಹಾಪೆಲ್ ಕಾಯಿಲೆಯಿಂದ ಬಳಲುತ್ತಲೇ ತಂಡವನ್ನು ನಡೆಸುತ್ತಿದ್ದರು. 1992ರ ಅಕ್ಟೋಬರ್ 28ರಂದು ಇಸ್ರೇಲನ್ನು 5-2ರಿಂದ ಸೋಲಿಸಿದ ಎರಡೂವರೆ ವಾರಗಳಲ್ಲಿ, ನವೆಂಬರ್ 14ರಂದು, ಅವರು ತೀರಿಕೊಂಡರು. ನಾಲ್ಕು ದಿನಗಳ ನಂತರ ನ್ಯೂರೆಂಬರ್ಗ್‌ನಲ್ಲಿ ಜರ್ಮನಿಯ ವಿರುದ್ಧ ನಡೆದ ಸೌಹಾರ್ದ ಪಂದ್ಯದಲ್ಲಿ ಅವರ ಟೋಪಿಯನ್ನು ತಂಡದ ಬೆಂಚಿನ ಮೇಲೆ ಇಟ್ಟಿದ್ದರು. ಆ ಪಂದ್ಯ 0-0 ಆಯಿತು. ಗುಂಪಿನ ಲೆಕ್ಕಕ್ಕೆ ಸೇರದ ಪಂದ್ಯವದು. ಆದರೆ ಈ ಗುಂಪಿನ ಬಗ್ಗೆ ಬರೆಯಲು ಕುಳಿತು ಬೆಂಚಿನ ಮೇಲಿನ ಆ ಟೋಪಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಸೋಫಿಯಾದ ಸೋಲಿನ ನಂತರ ಫ್ರಾನ್ಸ್ ಸತತವಾಗಿ ಐದು ಪಂದ್ಯಗಳನ್ನು ಗೆದ್ದಿತು. ಆಸ್ಟ್ರಿಯಾವನ್ನು ತವರಿನಲ್ಲೂ ವಿಯೆನ್ನಾದಲ್ಲೂ ಸೋಲಿಸಿತು, ಇಸ್ರೇಲಿಗೆ ಹೋಗಿ 4-0ಯಿಂದ ಗೆದ್ದುಬಂದಿತು, 1993ರ ಏಪ್ರಿಲ್ 28ರಂದು ಪ್ಯಾರಿಸ್ಸಿನಲ್ಲಿ ಕಾಂಟೊನಾ ಅವರ ಎರಡು ಗೋಲುಗಳಿಂದ ಸ್ವೀಡನ್ನನ್ನು 2-1ರಿಂದ ಮಣಿಸಿತು. ಸ್ವೀಡನ್ ಈ ಗುಂಪಿನಲ್ಲಿ ಕಂಡ ಏಕೈಕ ಸೋಲು ಅದೇ. ಅದೇ ವಸಂತದಲ್ಲಿ ಬಲ್ಗೇರಿಯಾ ಮುಗ್ಗರಿಸಿತು: ಆಸ್ಟ್ರಿಯಾದಲ್ಲಿ 1-3ರಿಂದ ಸೋಲು, ಮೇ 12ರಂದು ಸೋಫಿಯಾದಲ್ಲಿ ಇಸ್ರೇಲ್ ವಿರುದ್ಧ 2-2 ಡ್ರಾ. ಮೇ ತಿಂಗಳಲ್ಲಿ ಪಟ್ಟಿಯನ್ನು ನೋಡಿದವರಿಗೆ ಆರು ಪಂದ್ಯಗಳಿಂದ ಹತ್ತು ಅಂಕ ಪಡೆದ ಫ್ರಾನ್ಸ್, ಏಳು ಪಂದ್ಯಗಳಿಂದ ಒಂಬತ್ತು ಅಂಕ ಪಡೆದ ಬಲ್ಗೇರಿಯಾ ಕಾಣುತ್ತಿದ್ದವು. ತಿಂಗಳ ಕೊನೆಗೆ ಮಾರ್ಸೆಯ್ ಕ್ಲಬ್ ಮಿಲಾನನ್ನು ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಾಗ ಫ್ರೆಂಚ್ ಫುಟ್‌ಬಾಲ್‌ಗೆ ಒಳ್ಳೆಯ ದಿನಗಳು ಬಂದವೆಂದೇ ಎಲ್ಲರಿಗೂ ತೋರಿತು.

ನನ್ನ ಹಾಳೆಯ ಮೇಲೆ ಮೊದಲ ಬಿರುಕು ಕಾಣಿಸುವುದು 1993ರ ಆಗಸ್ಟ್ 22ರಂದು, ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಲ್ಲಿ. ಎಪ್ಪತ್ತಾರನೆಯ ನಿಮಿಷದಲ್ಲಿ ಫ್ರಾಂಕ್ ಸೊಜೆ ಗೋಲು ಹೊಡೆದು ಫ್ರಾನ್ಸ್‌ಗೆ ಮುನ್ನಡೆ ತಂದುಕೊಟ್ಟರು. ಎಂಬತ್ತೇಳನೆಯ ನಿಮಿಷದಲ್ಲಿ ಮಾರ್ಟಿನ್ ಡಾಲಿನ್ ಸಮ ಮಾಡಿದರು. ಸ್ವೀಡನ್ನಿನಂಥ ತಂಡದ ತವರಿನಲ್ಲಿ 1-1 ಡ್ರಾ ಎಂದರೆ ಯಾರೂ ಬೇಸರಪಡುವ ಫಲಿತಾಂಶವಲ್ಲ, ಅಂದು ಯಾರೂ ಬೇಸರಪಟ್ಟಿರಲಿಕ್ಕೂ ಇಲ್ಲ. ಮುನ್ನಡೆಯಲ್ಲಿದ್ದ ತಂಡ ಮೂರು ನಿಮಿಷ ಕಾಯ್ದುಕೊಳ್ಳಲಾರದೆ ಹೋಯಿತು ಎಂಬುದು ಮಾತ್ರ ದಾಖಲೆಯಾಗಿ ಉಳಿಯಿತು.

ಸೆಪ್ಟೆಂಬರ್ 8ರಂದು ಫಿನ್ಲೆಂಡಿನಲ್ಲಿ 2-0ಯಿಂದ ಗೆದ್ದ ಮೇಲೆ ಎಂಟು ಪಂದ್ಯಗಳು ಮುಗಿದು ಫ್ರಾನ್ಸ್ ಬಳಿ 13, ಸ್ವೀಡನ್ ಬಳಿ 12, ಬಲ್ಗೇರಿಯಾ ಬಳಿ 10 ಅಂಕಗಳಿದ್ದವು. ಫ್ರಾನ್ಸ್‌ಗೆ ಉಳಿದಿದ್ದ ಎರಡು ಪಂದ್ಯಗಳೂ ಪ್ಯಾರಿಸ್ಸಿನಲ್ಲೇ. ಮೊದಲನೆಯದು ಅಕ್ಟೋಬರ್ 13ರಂದು ಇಸ್ರೇಲ್ ವಿರುದ್ಧ. ಆ ಹೊತ್ತಿಗೆ ಇಸ್ರೇಲ್ ಏಳು ಪಂದ್ಯಗಳನ್ನಾಡಿ ಒಂದನ್ನೂ ಗೆಲ್ಲದೆ, ಎರಡು ಅಂಕಗಳೊಂದಿಗೆ ಪಟ್ಟಿಯ ತಳದಲ್ಲಿತ್ತು. ಇಪ್ಪತ್ತೊಂದು ಗೋಲುಗಳನ್ನು ಬಿಟ್ಟುಕೊಟ್ಟಿತ್ತು. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಇಸ್ರೇಲ್ ಆಗಿನ್ನೂ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಪೂರ್ಣ ಸದಸ್ಯನಾಗಿರಲಿಲ್ಲ. ಹಿಂದಿನ ಎರಡು ವಿಶ್ವಕಪ್‌ಗಳಿಗೆ ಅದು ಓಷಿಯಾನಿಯಾದ ತಂಡಗಳೊಡನೆ ಅರ್ಹತಾ ಪಂದ್ಯಗಳನ್ನು ಆಡಿತ್ತು. ಸ್ವಂತ ನೆರೆಹೊರೆ ಎಂಬುದಿಲ್ಲದೆ ಖಂಡದಿಂದ ಖಂಡಕ್ಕೆ ಅಲೆದ ತಂಡವೊಂದು ಪ್ಯಾರಿಸ್ಸಿಗೆ ಬಂದಿತ್ತು.

ಇಪ್ಪತ್ತೊಂದನೆಯ ನಿಮಿಷದಲ್ಲಿ ರೋನೆನ್ ಹರಾಝಿ ಗೋಲು ಹೊಡೆದರು. ಅದಕ್ಕೆ ಫ್ರಾನ್ಸ್ ಗಾಬರಿಯಾಗಲಿಲ್ಲ. ಸೊಜೆ ಸಮ ಮಾಡಿದರು, ವಿರಾಮಕ್ಕೆ ಮುನ್ನ ಜಿನೋಲಾ 2-1 ಮಾಡಿದರು. ಹೌದು, ಅದೇ ಜಿನೋಲಾ. ಫ್ರಾನ್ಸನ್ನು ಆ ರಾತ್ರಿ ಅಮೆರಿಕದ ಹೊಸ್ತಿಲವರೆಗೆ ಕರೆದೊಯ್ದ ಗೋಲು ಅವರದೇ. ಹಾಗೆಯೇ ಮುಗಿದಿದ್ದರೆ ಫ್ರಾನ್ಸ್‌ಗೆ 15 ಅಂಕಗಳಾಗುತ್ತಿದ್ದವು, ಬಲ್ಗೇರಿಯಾ ಎಷ್ಟೇ ಗೆದ್ದರೂ 14ನ್ನು ದಾಟುವಂತಿರಲಿಲ್ಲ. ಎರಡನೆಯ ಅವಧಿಯುದ್ದಕ್ಕೂ ಪಂದ್ಯ ಮುಗಿದೇ ಹೋಯಿತೆಂಬ ಭಾವ ಫ್ರೆಂಚ್ ಆಟದಲ್ಲಿ ಕಾಣುತ್ತದೆ. ಚೆಂಡು ಅವರ ಕಾಲಲ್ಲೇ ಇದೆ, ಆದರೆ ಮೂರನೆಯ ಗೋಲಿನ ಹಸಿವಿಲ್ಲ, ಎರಡನೆಯದನ್ನು ಕಾಯುವ ಎಚ್ಚರವೂ ಇಲ್ಲ. ಇತ್ತ ರೋನಿ ರೋಸೆಂಥಾಲ್ ಮಾತ್ರ ಚೆಂಡು ಸಿಕ್ಕಾಗಲೆಲ್ಲ ನೇರವಾಗಿ ರಕ್ಷಣಾ ಸಾಲಿನ ಮೇಲೇ ನುಗ್ಗುತ್ತಿದ್ದರು. ಎಂಬತ್ತಮೂರನೆಯ ನಿಮಿಷದಲ್ಲಿ ಇಯಾಲ್ ಬೆರ್ಕೊವಿಚ್ 2-2 ಮಾಡಿದರು. ತೊಂಬತ್ತು ನಿಮಿಷ ದಾಟಿದ ಮೇಲೆ ರೂವೆನ್ ಅತಾರ್ ಮೂರನೆಯ ಗೋಲನ್ನು ಬಾರಿಸಿದರು. ಕೊನೆಯ ಸ್ಥಾನದ ತಂಡ 3-2ರಿಂದ ಗೆದ್ದಿತು. ಈ ಗುಂಪಿನಲ್ಲಿ ಇಸ್ರೇಲಿಗೆ ಸಿಕ್ಕ ಒಂದೇ ಒಂದು ಗೆಲುವು ಅದು. ನಾಲ್ಕು ವಾರಗಳ ನಂತರ ಅದೇ ತಂಡ ತನ್ನ ತವರಿನಲ್ಲಿ ಫಿನ್ಲೆಂಡಿಗೆ 1-3ರಿಂದ ಸೋತು, ಪಟ್ಟಿಯ ತಳದಲ್ಲೇ ಉಳಿಯಿತು.

ಅದೇ ಅಕ್ಟೋಬರ್ 13ರಂದು ಬಲ್ಗೇರಿಯಾ ಆಸ್ಟ್ರಿಯಾವನ್ನು 4-1ರಿಂದ, ಸ್ವೀಡನ್ ಫಿನ್ಲೆಂಡನ್ನು 3-2ರಿಂದ ಸೋಲಿಸಿದವು. ಸ್ವೀಡನ್ 14, ಫ್ರಾನ್ಸ್ 13, ಬಲ್ಗೇರಿಯಾ 12. ಉಳಿದ ಎರಡು ತಂಡಗಳು ಪರಸ್ಪರ ಆಡಬೇಕಿದ್ದುದರಿಂದ ಸ್ವೀಡನ್ನಿನ ಟಿಕೆಟ್ ಅಂದೇ ಖಚಿತವಾಯಿತು. ಫ್ರಾನ್ಸ್‌ಗೆ ತವರಿನಲ್ಲಿ ಒಂದು ಡ್ರಾ ಸಾಕಿತ್ತು, ಬಲ್ಗೇರಿಯಾ ಗೆಲ್ಲಲೇಬೇಕಿತ್ತು.

ಬಲ್ಗೇರಿಯಾದ ಇಬ್ಬರು ಮುಂಚೂಣಿ ಆಟಗಾರರು ಆ ಪಂದ್ಯಕ್ಕೆ ತಲುಪಿದ ರೀತಿಯನ್ನು ಆ ತಂಡದವರೇ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಸ್ಪೇನಿನಲ್ಲಿ ಆಡುತ್ತಿದ್ದ ಪೆನೆವ್ ಮತ್ತು ಪೋರ್ಚುಗಲ್‌ನಲ್ಲಿ ಆಡುತ್ತಿದ್ದ ಕೊಸ್ತಾದಿನೊವ್ ಬಳಿ ಫ್ರಾನ್ಸ್ ಪ್ರವೇಶಿಸಲು ಬೇಕಾದ ವೀಸಾ ಇರಲಿಲ್ಲ. ತಂಡ ಜರ್ಮನಿಯಲ್ಲಿ ಬೀಡುಬಿಟ್ಟಿತ್ತು. ಗೋಲ್‌ಕೀಪರ್ ಬೊರಿಸ್ಲಾವ್ ಮಿಹಾಯ್ಲೊವ್ ಮತ್ತು ಗ್ಯೋರ್ಗಿ ಗ್ಯೋರ್ಗಿಯೆವ್ ಆಗ ಗಡಿಗೆ ಹತ್ತಿರವಿರುವ ಫ್ರಾನ್ಸಿನ ಮ್ಯುಲೂಸ್ ಊರಿನ ಕ್ಲಬ್ಬಿಗೆ ಆಡುತ್ತಿದ್ದರು. ಯಾವ ಗಡಿ ಠಾಣೆಯಲ್ಲಿ ತಪಾಸಣೆ ಸಡಿಲವಾಗಿರುತ್ತದೆಂದು ಅವರಿಗೆ ಗೊತ್ತಿತ್ತು. ನಾಲ್ವರೂ ಕಾರಿನಲ್ಲಿ ಆ ದಾರಿ ಹಿಡಿದು ಗಡಿ ದಾಟಿದರು. ಆ ಠಾಣೆಯಲ್ಲಿ ಯಾರಾದರೂ ಕಾರು ನಿಲ್ಲಿಸಿ ಕಾಗದ ಕೇಳಿದ್ದರೆ, ಕೊನೆಯ ಗೋಲಿಗೆ ಚೆಂಡು ಕೊಟ್ಟವರೂ ಅದನ್ನು ಹೊಡೆದವರೂ ಅಂದು ಮೈದಾನದಲ್ಲೇ ಇರುತ್ತಿರಲಿಲ್ಲ.

ಪಂದ್ಯದ ಮೂವತ್ತೆರಡನೆಯ ನಿಮಿಷದಲ್ಲಿ ಪಾಪಾಂ ತಲೆಯಿಂದ ಇಳಿಸಿಕೊಟ್ಟ ಚೆಂಡನ್ನು ಕಾಂಟೊನಾ ನೆಲ ಮುಟ್ಟಲು ಬಿಡದೆ ಬಾರಿಸಿ ಗೋಲು ಮಾಡಿದರು. ಐದೇ ನಿಮಿಷಗಳಲ್ಲಿ ಕಾರ್ನರ್ ಒಂದರಿಂದ ಕೊಸ್ತಾದಿನೊವ್ ಹೆಡರ್ ಮೂಲಕ ಸಮ ಮಾಡಿದರು. ಆಮೇಲೆ ಎರಡನೆಯ ಅವಧಿಯೆಲ್ಲ ಫ್ರಾನ್ಸ್ ಆಡಿದ್ದು ಗಡಿಯಾರದ ವಿರುದ್ಧ. ಪಾಪಾಂ ಹೊರಗೆ ಬಂದು ಜಿನೋಲಾ ಒಳಗೆ ಹೋದರು. ತನ್ನನ್ನು ಬೆಂಚಿನಲ್ಲಿ ಕೂರಿಸಿದ್ದರ ಬಗ್ಗೆ ಜಿನೋಲಾ ಪಂದ್ಯಕ್ಕೆ ಮುನ್ನವೇ ಅಸಮಾಧಾನ ತೋಡಿಕೊಂಡಿದ್ದರು. ತರಬೇತುದಾರನಿಗೂ ಅವರಿಗೂ ನಡುವೆ ಆಗಲೇ ಒಂದು ಮುಳ್ಳಿತ್ತು.

ಕೊನೆಯ ನಿಮಿಷವನ್ನು ನಾನು ನಿಲ್ಲಿಸಿ ನಿಲ್ಲಿಸಿ ಎಷ್ಟೋ ಬಾರಿ ನೋಡಿದ್ದೇನೆ. ಬಲ್ಗೇರಿಯಾದ ಮೂಲೆಯ ಬಾವುಟದ ಹತ್ತಿರ ಫ್ರಾನ್ಸ್‌ಗೆ ಫ್ರೀ ಕಿಕ್ ಸಿಕ್ಕಿದೆ. ವಾಂಸಾಂ ಗೆರಾಂ ಚೆಂಡನ್ನು ಮೆಲ್ಲಗೆ ಜಿನೋಲಾಗೆ ತಳ್ಳುತ್ತಾರೆ. ಅಲ್ಲಿಂದ ಜಿನೋಲಾ ಎತ್ತಿ ಹೊಡೆದ ಚೆಂಡು ಪೆನಾಲ್ಟಿ ಆವರಣದಲ್ಲಿದ್ದ ಕಾಂಟೊನಾ ತಲೆಯನ್ನೂ ದಾಟಿ ಆಚೆ ಬದಿಗೆ ಹೋಗುತ್ತದೆ. ಅಲ್ಲಿ ಎಮಿಲ್ ಕ್ರೆಮೆನ್ಲಿಯೆವ್ ಅದನ್ನು ಹಿಡಿದು ಮುಂದಕ್ಕೆ ಸಾಗಿಸುತ್ತಾರೆ. ಇದುವರೆಗೆ ಅನಾಹುತವೇನೂ ಆಗಿಲ್ಲ ಎಂಬುದನ್ನು ಗಮನಿಸಬೇಕು. ಚೆಂಡು ಇನ್ನೂ ಫ್ರಾನ್ಸಿನ ಗೋಲಿನಿಂದ ಬಹಳ ದೂರದಲ್ಲಿದೆ. ಮೈದಾನದ ನಡುಭಾಗದಲ್ಲಿ ಪೆನೆವ್‌ಗೆ ಚೆಂಡು ಬಂದಾಗ ಅವರ ಮೇಲೆ ಯಾರೂ ಎರಗುವುದಿಲ್ಲ. ಒಂದು ಫೌಲ್ ಮಾಡಿ ಆಟ ನಿಲ್ಲಿಸಿದ್ದರೂ ಸಾಕಿತ್ತು. ಅವರು ತಲೆಯೆತ್ತಿ ನೋಡಿ, ರಕ್ಷಣಾ ಸಾಲಿನ ಮೇಲಿಂದ ಅಳೆದಂತೆ ಚೆಂಡನ್ನು ದಾಟಿಸುತ್ತಾರೆ. ಬಲಬದಿಯಲ್ಲಿ ಓಡಿ ಬಂದ ಕೊಸ್ತಾದಿನೊವ್ ಅದನ್ನು ಪುಟಿಯಲು ಬಿಟ್ಟು, ಬ್ಲಾಂ ಜಾರಿ ಬಂದು ಅಡ್ಡ ಬೀಳುವ ಮೊದಲೇ ಬಲಗಾಲಿನಿಂದ ಬಾರಿಸುತ್ತಾರೆ. ಗೋಲ್‌ಕೀಪರ್ ಬೆರ್ನಾರ್ ಲಾಮಾ ತಲೆಯ ಮೇಲಿಂದ ಹೋದ ಚೆಂಡು ಕ್ರಾಸ್‌ಬಾರಿನ ಕೆಳ ಅಂಚಿಗೆ ತಾಗಿ ಒಳಗೆ ಬೀಳುತ್ತದೆ. ತೊಂಬತ್ತು ನಿಮಿಷ ತುಂಬಲು ಕೆಲವೇ ಸೆಕೆಂಡುಗಳಿದ್ದವು.

ಪಂದ್ಯದ ನಂತರ ಹುಲಿಯೆ ಬಹಿರಂಗವಾಗಿಯೇ ಜಿನೋಲಾರನ್ನು ದೂಷಿಸಿದರು, ಅದು ತಂಡದ ಮೇಲೆ ಎಸಗಿದ ಅಪರಾಧವೆಂಬ ಅರ್ಥದ ಮಾತನ್ನೂ ಆಡಿದರು. ಆ ಮಾತು ಜಿನೋಲಾ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು. ಸುಮಾರು ಎರಡು ದಶಕಗಳ ನಂತರ ಹುಲಿಯೆ ಪುಸ್ತಕವೊಂದರಲ್ಲಿ ಮತ್ತೆ ಕಟುವಾಗಿ ಬೈದಾಗ ಜಿನೋಲಾ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ದಾವೆ ವಜಾ ಆಯಿತು. ಹುಲಿಯೆ ಒಳ್ಳೆಯ ತರಬೇತುದಾರರಾಗಿದ್ದರು, ಮುಂದೆ ಲಿವರ್‌ಪೂಲ್‌ನಲ್ಲಿ ಅದನ್ನು ಸಾಬೀತುಪಡಿಸಿದರು. ಆದರೆ ಸೋತ ರಾತ್ರಿ ತನ್ನ ಆಟಗಾರನೊಬ್ಬನನ್ನು ಇಡೀ ದೇಶದ ಮುಂದೆ ಒಂಟಿಯಾಗಿ ನಿಲ್ಲಿಸುವುದು ತರಬೇತುದಾರನಾದವನು ಮಾಡಬಾರದ ಕೆಲಸವೆಂದೇ ನಾನು ನಂಬಿದ್ದೇನೆ.

ಈಗ ರಬ್ಬರಿನ ವಿಷಯಕ್ಕೆ ಬರುತ್ತೇನೆ. ಕೊಸ್ತಾದಿನೊವ್ ಅವರ ಕೊನೆಯ ಗೋಲನ್ನು ಅಳಿಸಿದರೆ ಫ್ರಾನ್ಸ್ 14, ಬಲ್ಗೇರಿಯಾ 13. ಫ್ರಾನ್ಸ್ ಅಮೆರಿಕಕ್ಕೆ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಅದನ್ನು ಮತ್ತೆ ಬರೆದು, ಇಸ್ರೇಲಿನ ಅತಾರ್ ಅವರ ಗೋಲನ್ನು ಮಾತ್ರ ಅಳಿಸಿದೆ. ಆಗ ಫ್ರಾನ್ಸ್‌ಗೆ 14 ಅಂಕ, ಬಲ್ಗೇರಿಯಾಕ್ಕೂ 14. ಆದರೆ ಗೋಲು ಅಂತರದಲ್ಲಿ ಫ್ರಾನ್ಸ್ ಎಂಟು, ಬಲ್ಗೇರಿಯಾ ಒಂಬತ್ತು! ಫ್ರಾನ್ಸ್ ಹೊರಗೇ ಉಳಿಯುತ್ತದೆ. ಕೊನೆಯ ಎರಡು ಪಂದ್ಯಗಳಿಂದ ಫ್ರಾನ್ಸ್‌ಗೆ ಒಂದು ಅಂಕ ಸಾಕಿತ್ತು ಎಂಬ ಮಾತನ್ನು ನಾನೂ ಎಷ್ಟೋ ವರ್ಷ ಹಾಗೆಯೇ ನಂಬಿದ್ದೆ. ಆ ಒಂದು ಅಂಕ ಇಸ್ರೇಲ್ ಪಂದ್ಯದಿಂದ ಬಂದು, ಬಲ್ಗೇರಿಯಾದೆದುರು ಅದೇ 1-2 ಸೋಲಾಗಿದ್ದರೆ ಅದು ಸಾಲುತ್ತಲೇ ಇರಲಿಲ್ಲ. ಮುಂದೆ, ಸೋಲ್ನಾದಲ್ಲಿ ಡಾಲಿನ್ ಹೊಡೆದ ಗೋಲನ್ನು ಮಾತ್ರ ಅಳಿಸಿದೆ. ಆಗ ಸ್ವೀಡನ್, ಬಲ್ಗೇರಿಯಾ, ಫ್ರಾನ್ಸ್ ಮೂರೂ 14 ಅಂಕಗಳಲ್ಲಿ ಸಮ. ಗೋಲು ಅಂತರ ಕ್ರಮವಾಗಿ ಹತ್ತು, ಒಂಬತ್ತು, ಎಂಟು. ಆಗಲೂ ಫ್ರಾನ್ಸ್ ಮೂರನೆಯದೇ. ಡಾಲಿನ್ ಮತ್ತು ಅತಾರ್ ಇಬ್ಬರ ಗೋಲುಗಳನ್ನೂ ಒಟ್ಟಿಗೆ ಅಳಿಸಿದರೆ ಮಾತ್ರ ಫ್ರಾನ್ಸ್ 15 ಅಂಕಗಳೊಂದಿಗೆ ಗುಂಪಿನ ಅಗ್ರಸ್ಥಾನಕ್ಕೇರುತ್ತದೆ. ಇನ್ನು ಬೆರ್ಕೊವಿಚ್ ಗೋಲು ಬೀಳದೆ, ಫ್ರಾನ್ಸ್ ಎಂಬತ್ತಮೂರನೆಯ ನಿಮಿಷದ 2-1 ಮುನ್ನಡೆಯನ್ನೇ ಕಾಯ್ದುಕೊಂಡಿದ್ದರೆ, ನವೆಂಬರ್ 17ರ ಪಂದ್ಯದಲ್ಲಿ ಜಿನೋಲಾ ಏನು ಮಾಡಿದ್ದರೂ ಅದನ್ನು ಇಂದು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಡಾಲಿನ್, ಬೆರ್ಕೊವಿಚ್, ಅತಾರ್, ಕೊಸ್ತಾದಿನೊವ್: ಈ ನಾಲ್ಕು ಗೋಲುಗಳೂ ಬಿದ್ದದ್ದು ಪಂದ್ಯದ ಕೊನೆಯ ಎಂಟು ನಿಮಿಷಗಳಲ್ಲಿ ಅಥವಾ ಅದರ ಮೇಲಿನ ಹೆಚ್ಚುವರಿ ಸಮಯದಲ್ಲಿ. ಫ್ರಾನ್ಸ್ ಆಡಿದ ಕೊನೆಯ ನಾಲ್ಕು ಪಂದ್ಯಗಳಲ್ಲಿ ಮೂರರಲ್ಲಿ ಹೀಗಾಯಿತು, ಒಟ್ಟು ನಾಲ್ಕು ಅಂಕಗಳು ಕೈಬಿಟ್ಟವು. 13ಕ್ಕೆ ಆ ನಾಲ್ಕನ್ನು ಕೂಡಿಸಿದರೆ ಇಪ್ಪತ್ತರಲ್ಲಿ 17. ಒಮ್ಮೆ ಆದರೆ ಅದನ್ನು ಒಬ್ಬನ ತಪ್ಪೆನ್ನಬಹುದು. ಮೂರು ತಿಂಗಳೊಳಗೆ ಮೂರು ಬಾರಿ ಆದರೆ ಅದು ತಂಡದ ರೋಗ. ಮುನ್ನಡೆಯನ್ನು ಅಥವಾ ಸಮಬಲವನ್ನು ಕೊನೆಯವರೆಗೆ ಹಿಡಿದಿಡುವ ಶಿಸ್ತು ಆ ತಂಡಕ್ಕೆ ಇನ್ನೂ ಬಂದಿರಲಿಲ್ಲ. ಆ ಶಿಸ್ತನ್ನು ಕಲಿಸಬೇಕಾದದ್ದು ಯಾರ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಹಾಳೆಯಲ್ಲಿ ನನ್ನನ್ನು ಇನ್ನೂ ಬೆರಗುಗೊಳಿಸಿದ ಸಂಗತಿಯೊಂದಿದೆ. ತವರಿನಾಚೆ ಆಡಿದ ಐದು ಪಂದ್ಯಗಳಲ್ಲಿ ಫ್ರಾನ್ಸ್ 7 ಅಂಕ ಗಳಿಸಿತು. ಗುಂಪಿನಲ್ಲೇ ಅದು ಅತ್ಯುತ್ತಮ, ಸ್ವೀಡನ್ ಮತ್ತು ಬಲ್ಗೇರಿಯಾ ತಲಾ 6 ಗಳಿಸಿದವು. ತವರಿನಲ್ಲಿ ಆಡಿದ ಐದರಲ್ಲಿ ಸ್ವೀಡನ್ 9, ಬಲ್ಗೇರಿಯಾ 8, ಆಸ್ಟ್ರಿಯಾ ಕೂಡ 7; ಫ್ರಾನ್ಸ್ 6. ಪ್ಯಾರಿಸ್ಸಿನಲ್ಲಿ ಎರಡು ಪಂದ್ಯಗಳು ಉಳಿದಿವೆಯೆಂಬುದನ್ನೇ ಎಲ್ಲರೂ ಅಭಯವೆಂದು ತಿಳಿದಿದ್ದರು.

ನನ್ನ ವಾದಕ್ಕೆ ವಿರುದ್ಧವಾಗಿ ಹೇಳಬಹುದಾದ ಒಂದು ಮಾತನ್ನೂ ಮುಚ್ಚಿಡಬಾರದು. ಕೆಳಗಿನ ಮೂರು ತಂಡಗಳ ವಿರುದ್ಧ ಫ್ರಾನ್ಸ್, ಇಸ್ರೇಲಿಗೆ ಸೋತದ್ದನ್ನು ಸೇರಿಸಿಯೂ, 10 ಅಂಕ ಗಳಿಸಿತ್ತು. ಬಲ್ಗೇರಿಯಾ 9ನ್ನು ಮಾತ್ರ. ಫ್ರಾನ್ಸ್ ಹಿಂದೆ ಬಿದ್ದದ್ದು ಬಲ್ಗೇರಿಯಾದೆದುರು ಆಡಿದ ಎರಡೂ ಪಂದ್ಯಗಳಲ್ಲಿ ಸೋತದ್ದರಿಂದ. ಮೇಲಿನ ಮೂರು ತಂಡಗಳ ಪರಸ್ಪರ ಪಂದ್ಯಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಬಲ್ಗೇರಿಯಾ 5, ಸ್ವೀಡನ್ 4, ಫ್ರಾನ್ಸ್ 3. ಗೆಲುವಿಗೆ ಮೂರು ಅಂಕ ಕೊಡುವ ಇಂದಿನ ಕ್ರಮದಲ್ಲಿ ಇಡೀ ಗುಂಪನ್ನು ಎಣಿಸಿದರೂ ಸ್ವೀಡನ್ 21, ಬಲ್ಗೇರಿಯಾ 20, ಫ್ರಾನ್ಸ್ 19 ಆಗಿ ಅಂಕಪಟ್ಟಿಯ ಕ್ರಮವೇ ಉಳಿಯುತ್ತದೆ. ಹಾಗಾಗಿ ಬಲ್ಗೇರಿಯಾ ಅದೃಷ್ಟದಿಂದ ಹೋಯಿತೆಂದು ನಾನು ಎಂದೂ ಹೇಳಲಾರೆ.

ಮುಂದಿನ ಬೇಸಿಗೆಯಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ಅದುವರೆಗೆ ಐದು ವಿಶ್ವಕಪ್‌ಗಳನ್ನು ಆಡಿಯೂ ಒಂದು ಪಂದ್ಯವನ್ನೂ ಗೆಲ್ಲದಿದ್ದ ಬಲ್ಗೇರಿಯಾ, ಅಮೆರಿಕದಲ್ಲಿ ಮೊದಲ ಪಂದ್ಯವನ್ನು ನೈಜೀರಿಯಾಕ್ಕೆ 0-3ರಿಂದ ಸೋತ ಮೇಲೆ ಗ್ರೀಸನ್ನು, ಅರ್ಜೆಂಟೀನಾವನ್ನು, ಪೆನಾಲ್ಟಿಗಳಲ್ಲಿ ಮೆಕ್ಸಿಕೊವನ್ನು ಸೋಲಿಸಿತು. ಕ್ವಾರ್ಟರ್ ಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಜರ್ಮನಿಯನ್ನು ಸ್ಟೊಯ್ಚ್‌ಕೊವ್ ಮತ್ತು ಲೆಚ್ಕೊವ್ ಅವರ ಗೋಲುಗಳಿಂದ 2-1ರಿಂದ ಮಣಿಸಿತು. ಸ್ಟೊಯ್ಚ್‌ಕೊವ್ ಆರು ಗೋಲುಗಳೊಂದಿಗೆ ರಷ್ಯಾದ ಒಲೆಗ್ ಸಲೆಂಕೊ ಜೊತೆ ಅಗ್ರ ಗೋಲುಗಾರರಾದರು. 1994ರ ಜುಲೈ 16ರಂದು ಪ್ಯಾಸಡಿನಾದಲ್ಲಿ ಮೂರನೆಯ ಸ್ಥಾನಕ್ಕಾಗಿ ಆಡಿದವರು ಯಾರೆಂದರೆ, ಆರನೆಯ ಗುಂಪಿನ ಅದೇ ಸ್ವೀಡನ್ ಮತ್ತು ಅದೇ ಬಲ್ಗೇರಿಯಾ. ಸ್ವೀಡನ್ 4-0ಯಿಂದ ಗೆದ್ದಿತು. ಜಗತ್ತಿನ ಮೂರನೆಯ ಮತ್ತು ನಾಲ್ಕನೆಯ ತಂಡಗಳಿದ್ದ ಗುಂಪಿನಲ್ಲಿ ಫ್ರಾನ್ಸ್ ಒಂದು ಅಂಕದಿಂದ ಹಿಂದೆ ಉಳಿದಿತ್ತು.

ಹುಲಿಯೆ ರಾಜೀನಾಮೆ ಕೊಟ್ಟ ಮೇಲೆ ಅವರ ಸಹಾಯಕ ಏಮೆ ಜಾಕೆ ತರಬೇತುದಾರರಾದರು. ಆ ರಾತ್ರಿ ಪ್ಯಾರಿಸ್ಸಿನಲ್ಲಿ ಸೋತವರ ಪೈಕಿ ಬ್ಲಾಂ, ಮಾರ್ಸೆಲ್ ದೆಸೈ, ದೆಶಾಂ ಮತ್ತು ಎಮಾನ್ಯುಯೆಲ್ ಪೆತಿ 1998ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಏಳು ಪಂದ್ಯಗಳಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಎರಡೇ ಗೋಲು. ಜಾಕೆ ಆ ರಾತ್ರಿ ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ನೋಡಿದವರು. ಯಾವುದನ್ನು ಮೊದಲು ಸರಿಪಡಿಸಬೇಕೆಂದು ಅವರಿಗೆ ತಿಳಿದಿತ್ತೆಂದೇ ನನ್ನ ಎಣಿಕೆ.

ಕೊಸ್ತಾದಿನೊವ್‌ಗೆ ಆ ಚೆಂಡನ್ನು ದಾಟಿಸಿದ ಪೆನೆವ್ ಮಾತ್ರ ಅಮೆರಿಕಕ್ಕೆ ಹೋಗಲಾಗಲಿಲ್ಲ. 1994ರಲ್ಲಿ ಅವರಿಗೆ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ತನ್ನ ಪಾಸ್‌ನಿಂದ ಅರ್ಹತೆ ಪಡೆದ ತಂಡ ಸೆಮಿಫೈನಲ್ ತಲುಪುವ ಹೊತ್ತಿಗೆ ಅವರು ಆ ತಂಡದಲ್ಲಿರಲಿಲ್ಲ. ಗುಣಮುಖರಾಗಿ ಮತ್ತೆ ಆಟಕ್ಕೆ ಮರಳಿದರು. 1996ರ ಯುರೋ ಕಪ್‌ನಲ್ಲಿ, ಜೂನ್ 18ರಂದು, ಫ್ರಾನ್ಸ್ ಮತ್ತು ಬಲ್ಗೇರಿಯಾ ಮತ್ತೆ ಎದುರಾದವು. ಮೊದಲ ಗೋಲನ್ನು ಬ್ಲಾಂ ಹೊಡೆದರು. ಎರಡನೆಯದು ಪೆನೆವ್ ತಲೆಗೆ ತಾಗಿ ಅವರದೇ ತಂಡದ ಗೋಲಿನೊಳಗೆ ಹೋಯಿತು. ಫ್ರಾನ್ಸ್ 3-1ರಿಂದ ಗೆದ್ದಿತು, ಬಲ್ಗೇರಿಯಾ ಪಂದ್ಯಾವಳಿಯಿಂದ ಹೊರಬಿತ್ತು. ಆ ಪಂದ್ಯ ನಡೆದದ್ದು ಇಂಗ್ಲೆಂಡಿನ ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ. ಅದು ಜಿನೋಲಾ ಅವರ ಕ್ಲಬ್ಬಿನ ಮೈದಾನ. ಅಲ್ಲಿಯ ಅಭಿಮಾನಿಗಳು ಆ ಋತುವಿನಲ್ಲಿ ಅವರ ಕ್ರಾಸ್‌ಗಳಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಫ್ರಾನ್ಸಿನ ತಂಡದಲ್ಲಿ ಅಂದು ಅವರಿಗೆ ಜಾಗವಿರಲಿಲ್ಲ.